ಎಂಟಡಿ ಟ್ರೈಲರ್ ಕಿಟ್ ಮೇಲೆ ಕಮಾನು ಗಾಡಿ: ಕಿಟ್ ಎಷ್ಟು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ

ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ, ಬೋಲ್ಟು ಬಿಗಿದು ಜೋಡಿಸಿಕೊಳ್ಳುವ 4×8 ಅಡಿಯ ಮಡಚುವ ಟ್ರೈಲರ್ ಕಿಟ್, ಹಳೆ ಕಾಲದ ವೇಷದಲ್ಲಿ, ಹಳೆ ಕಾಲದ ಬಿಡಾರದಲ್ಲಿ ಕೆಲ ದಿನ ಕಳೆಯುವ ಇತಿಹಾಸ ಮರುಸೃಷ್ಟಿ ಶಿಬಿರಗಳಿಗೆ ಹೋಗುವವರಲ್ಲಿ ತುಂಬಾ ಬಳಕೆಯಲ್ಲಿದೆ. ಹಲವು ಕಂಪನಿಗಳು ಇದನ್ನು ಮಾರುತ್ತವೆ, ಆದರೆ ಒಳಗಿನ ಸರಕು ಬಹುಮಟ್ಟಿಗೆ ಒಂದೇ: ‘ಸಿ’ ಆಕಾರದ ಉಕ್ಕಿನ ಪಟ್ಟಿಗಳ ಚಾಸಿ, ಒಂದು ಅಚ್ಚು, ಎರಡು ಪಟ್ಟಿ ಸ್ಪ್ರಿಂಗು, 8 ಅಥವಾ 12 ಇಂಚಿನ ಎರಡು ಚಕ್ರ, ಮೂಕಿ, ಕಪ್ಲರ್ (ಎಳೆಯುವ ವಾಹನದ ಕೊಂಡಿಯ ಗುಂಡಿನ ಮೇಲೆ ಕೂರುವ ಹಿಡಿ), ಎರಡು ಹಿಂದೀಪ, ಒಂದು ಚೀಲ ನಟ್ಟು-ಬೋಲ್ಟು. ಹಾಸುಹಲಗೆ ಸಾಮಾನ್ಯವಾಗಿ ಇರುವುದಿಲ್ಲ. ಹುಲ್ಲು, ಮಣ್ಣು, ಹಳೆ ಸೋಫಾ ಸಾಗಿಸಲೆಂದು ಮಾಡಿದ ಈ ಸಾಮಾನಿನ ಮೇಲೆ ಮಲಗಿ ಏಳಬಹುದಾದ, ನೋಡಿದವರಿಗೆ ಹಳೆ ಕಾಲದ್ದೆನಿಸುವ ಗಾಡಿಯೊಂದನ್ನು ಕಟ್ಟಬಹುದೇ ಎಂಬುದೊಂದೇ ಇಲ್ಲಿನ ಪ್ರಶ್ನೆ.

ಕಟ್ಟಬಹುದು, ಚೆನ್ನಾಗಿಯೇ ಕಟ್ಟಬಹುದು. ಆದರೆ ಗಾಡಿಯ ಚಿತ್ರ ಮೊದಲು ಬರೆದುಕೊಂಡು ಆಮೇಲೆ ಕಿಟ್ ತರುವವರು ಕೆಡುತ್ತಾರೆ. ಅಚ್ಚು ಎಲ್ಲಿದೆ, ಚಕ್ರ ಎಷ್ಟು ಹೊರಗಿದೆ, ಹಾಸು ನೆಲದಿಂದ ಎಷ್ಟು ಎತ್ತರ, ತಡೆಯುವ ತೂಕ ಎಷ್ಟು, ಈ ನಾಲ್ಕನ್ನೂ ಕಿಟ್ ಆಗಲೇ ತೀರ್ಮಾನಿಸಿಬಿಟ್ಟಿರುತ್ತದೆ. ಮೇಲಿನ ಮನೆ ಅವುಗಳಿಗೆ ತಕ್ಕಂತೆ ಏಳಬೇಕು.

ಯಾವ ಕಾಲದ ಗಾಡಿ ಎಂಬುದು ಮೊದಲು ಇತ್ಯರ್ಥವಾಗಲಿ. ಬಣ್ಣಬಣ್ಣದ ‘ವಾರ್ಡೊ’ ಎಂದೊಡನೆ ಎಲ್ಲರಿಗೂ ಆಸೆ ಹುಟ್ಟುತ್ತದೆ. ಆದರೆ ರೊಮಾನಿ ಎಂಬ ಅಲೆಮಾರಿ ಜನ ಬ್ರಿಟನ್ನಿನಲ್ಲಿ ಅಂಥ ಗಾಡಿಯಲ್ಲಿ ವಾಸಿಸತೊಡಗಿದ್ದು 19ನೇ ಶತಮಾನದ ನಡುವಿನ ಹೊತ್ತಿಗೆ. 14ನೇ ಶತಮಾನದ ಬಿಡಾರದ ನಡುವೆ ಅದನ್ನು ತಂದು ನಿಲ್ಲಿಸಿದರೆ ಅದು ಅಲಂಕಾರವಾಗುತ್ತದೆಯೇ ಹೊರತು ಇತಿಹಾಸವಲ್ಲ. ಮಧ್ಯಯುಗಕ್ಕೆ ಸಲ್ಲುವ ಮಾದರಿ ಬೇಕಿದ್ದರೆ ಸುಮಾರು 1325–1340ರಲ್ಲಿ ಸಿದ್ಧವಾದ ಲಟ್ರೆಲ್ ಸಾಲ್ಟರ್ ಹಸ್ತಪ್ರತಿಯಲ್ಲಿ ಒಂದು ಚಿತ್ರವಿದೆ: ಐದು ಕುದುರೆ ಎಳೆಯುವ, ಪೀಪಾಯಿಯಂತೆ ಬಾಗಿದ ಮುಚ್ಚಿಗೆಯ ಉದ್ದನೆ ಗಾಡಿ, ಅದರೊಳಗಿಂದ ಇಣುಕುವ ಹೆಂಗಸರು. ವೈಕಿಂಗ್ ಶಿಬಿರದವರಿಗೆ ನಾರ್ವೆಯ ಓಸೆಬರ್ಗ್ ಸಮಾಧಿಯ ಗಾಡಿ ಇದೆ. ಸಮಾಧಿ 834ರದ್ದು, ಉತ್ಖನನ ನಡೆದದ್ದು 1904–05ರಲ್ಲಿ. ಅದೇ ಸಮಾಧಿಯಲ್ಲಿ ಡೇರೆಯ ಚೌಕಟ್ಟೂ ಸಿಕ್ಕಿದೆ, ಹಾಗಾಗಿ ಗಾಡಿಯ ಮೇಲಿನ ಮುಚ್ಚಿಗೆಯನ್ನು ಆ ಡೇರೆಯಂತೆ ಮಾಡುವವರೂ ಇದ್ದಾರೆ. ಇನ್ನು 19ನೇ ಶತಮಾನದ ಅಮೆರಿಕದ ಪಶ್ಚಿಮ ಪ್ರಾಂತ್ಯವನ್ನು ಆಡಿ ತೋರಿಸುವವರಿಗೆ ಕುರಿಗಾಹಿ ಗಾಡಿಯಷ್ಟು ಒಪ್ಪುವ ಮಾದರಿ ಇನ್ನೊಂದಿಲ್ಲ. 1884ರಲ್ಲಿ ವೈಯೋಮಿಂಗ್‌ನ ರಾಲಿನ್ಸ್‌ನಲ್ಲಿ ಜೇಮ್ಸ್ ಕ್ಯಾಂಡ್ಲಿಷ್ ಎಂಬ ಕಮ್ಮಾರ ಅದನ್ನು ಮೊದಲು ಕಟ್ಟಿದನೆಂಬ ಮಾತಿದೆ. ಬಾಗಿಲು ಮುಂದೆ, ಹಿಂದುಗಡೆ ಅಡ್ಡಲಾಗಿ ಮಂಚ, ಬದಿಗಳಲ್ಲಿ ಕೂರುವ ಕಟ್ಟೆ, ಮೇಲೆ ಕಮಾನಿನ ಕ್ಯಾನ್ವಾಸು. ಈ ಒಳವಿನ್ಯಾಸ 4×8 ಕಿಟ್ಟಿಗೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ. ಏಕೆಂದರೆ ಕಿಟ್ಟಿನ ದೊಡ್ಡ ಕೊರತೆ ಅಗಲ.

ಹಾಸಿನ ಅಗಲ ನಾಲ್ಕಡಿ, ಅಂದರೆ 1.22 ಮೀಟರ್. ಉದ್ದಕ್ಕೆ ಮಲಗಿದರೆ ಮಂಚವೇ ನೆಲವನ್ನೆಲ್ಲ ನುಂಗುತ್ತದೆ, ಬಟ್ಟೆ ಬದಲಿಸಲೂ ಜಾಗವಿಲ್ಲ. ಅಡ್ಡಕ್ಕೆ ಮಲಗಲು 1.22 ಮೀಟರ್ ಮಕ್ಕಳಿಗೂ ಸಾಲದು. ಹಳೆ ಗಾಡಿ ಕಟ್ಟುವವರು ಈ ಗಂಟನ್ನು ಬಿಡಿಸಿದ್ದು ಜಗಲಿಯಿಂದ. ಹಾಸಿನಿಂದ ನೆಟ್ಟಗೆ ಒಂದಿಷ್ಟು ಎತ್ತರ ಗೋಡೆ ಎಬ್ಬಿಸಿ, ಚಕ್ರದ ತಲೆ ದಾಟಿದ ಮೇಲೆ ಗಾಡಿಯನ್ನು ಎರಡೂ ಬದಿಗೆ ಹೊರಚಾಚುವುದು. ಆ ಚಾಚೇ ಒಳಗಿನ ಜಗಲಿ. 12 ಇಂಚಿನ ಚಕ್ರದ ಕಿಟ್ಟಿನಲ್ಲಿ ಹಾಸು ನೆಲದಿಂದ ಸುಮಾರು 50 ಸೆಂ.ಮೀ. ಎತ್ತರದಲ್ಲಿರುತ್ತದೆ, ಟಯರಿನ ತಲೆಯೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಬರುತ್ತದೆ. ಹಾಸಿನ ಮೇಲೆ 45 ಸೆಂ.ಮೀ. ಗೋಡೆ ಎಬ್ಬಿಸಿ ಜಗಲಿ ಹಾಕಿದರೆ ಕೂರಲು ಹಿತವಾದ ಎತ್ತರವೂ ಆಯಿತು, ಸ್ಪ್ರಿಂಗ್ ಪೂರ್ತಿ ಕುಗ್ಗಿದರೂ ಟಯರು ಮರಕ್ಕೆ ತಾಗದಷ್ಟು ಜಾಗವೂ ಉಳಿಯಿತು. ಬದಿಗೆ 35 ಸೆಂ.ಮೀ.ನಂತೆ ಚಾಚಿದರೆ ಮೇಲಿನ ಅಗಲ 1.92 ಮೀಟರ್. ಹಿಂಭಾಗದಲ್ಲಿ ಅಡ್ಡಲಾಗಿ ಮಂಚ ಹಾಕಿದರೆ ಸುಮಾರು 1.85 ಮೀಟರ್ ಉದ್ದ ಸಿಗುತ್ತದೆ. ಅದರ ಕೆಳಗೆ ಸಾಮಾನಿಗೆ ಗೂಡು, ಮುಂದೆ ನಿಂತು ಓಡಾಡಲು ಒಂದು ಮೀಟರಿಗೂ ಹೆಚ್ಚು ಜಾಗ. ಎಳೆಯುವ ವಾಹನಕ್ಕಿಂತ ಗಾಡಿ ಅಗಲವಾದರೆ ಹೊರಚಾಚಿದ ಕನ್ನಡಿ ಬೇಕು, ಅಷ್ಟೇ.

ಕಿಟ್ಟಿನಲ್ಲಿ ಮನಸಾರೆ ಮೆಚ್ಚಬೇಕಾದ ಒಂದು ಅಂಗವಿದೆ: ಚಾಸಿಯ ಬದಿಯಲ್ಲಿ ಗೂಟ ನಿಲ್ಲಿಸಲು ಇರುವ ಚೌಕಾಕಾರದ ಗೂಡುಗಳು. ಹೆಚ್ಚಿನವು 38×89 ಮಿ.ಮೀ. ಮರದ ತುಂಡು ಕೂರುವಷ್ಟು ದೊಡ್ಡವು. ಜಗಲಿ ಹೊರುವ ಕಂಬಗಳನ್ನು ಇವುಗಳಲ್ಲೇ ಇಳಿಸಿ, ಅಡ್ಡಲಾಗಿ ಒಂದೊಂದು ಬೋಲ್ಟು ತೂರಿಸಿದರೆ ಗೋಡೆಯ ಭಾರ ಪ್ಲೈವುಡ್ಡಿನ ಮೇಲೆ ಬೀಳದೆ ನೇರ ಉಕ್ಕಿಗೆ ಇಳಿಯುತ್ತದೆ. ಪ್ರತಿ ಕಂಬಕ್ಕೂ ಹೊರಮುಖವಾಗಿ ತ್ರಿಕೋನದ ಆನಿಕೆ ಕೊಡಬೇಕು, 18 ಮಿ.ಮೀ. ಪ್ಲೈನಲ್ಲಿ ಕೊಯ್ದದ್ದು ಸಾಕು. ಜಗಲಿ ಮುರಿಯುವುದೆಲ್ಲ ಆನಿಕೆಗಳ ನಡುವಿನ ಅಂತರ 60 ಸೆಂ.ಮೀ. ದಾಟಿದಲ್ಲಿ. ಕಿಟ್ಟಿನ ಗೂಡುಗಳು ಅದಕ್ಕಿಂತ ದೂರದೂರ ಇದ್ದರೆ ನಡುವೆ ಇನ್ನೊಂದು ಕಂಬವನ್ನು ಉಕ್ಕಿನ ಮೂಲೆಪಟ್ಟಿಯಿಂದ ಚಾಸಿಗೆ ಬಿಗಿಯಿರಿ.

ಕಿಟ್ಟಿನ ಅತಿ ದುರ್ಬಲ ಜಾಗವೆಂದರೆ ಮಾರುವವರು ಅತಿ ಹೆಚ್ಚು ಹೊಗಳುವ ಆ ಮಡಿಕೆಯೇ. ಚಾಸಿ ನಡುವಿನಲ್ಲಿ ಎರಡಾಗಿ, ಕೀಲಿನ ಮೇಲೆ ಮಡಚುತ್ತದೆ. ಕೀಲಿನ ಬೋಲ್ಟಿಗೂ ಅದರ ತೂತಿಗೂ ನಡುವೆ ಕೂದಲೆಳೆಯಷ್ಟು ಸಡಿಲವಿರಲೇಬೇಕು, ಇಲ್ಲದಿದ್ದರೆ ಅದು ಮಡಚುವುದಿಲ್ಲ. ಬರಿಯ ಟ್ರೈಲರಿನಲ್ಲಿ ಈ ಸಡಿಲ ಲೆಕ್ಕಕ್ಕಿಲ್ಲ. ಮೇಲೆ ಗೋಡೆ ಕಟ್ಟಿದಾಗ ಮಾತ್ರ ಪ್ರತಿ ಗುಂಡಿಗೂ ಚಾಸಿಯ ಎರಡು ಭಾಗ ಬೇರೆಬೇರೆಯಾಗಿ ಕುಲುಕುತ್ತವೆ, ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಗೋಡೆಯ ಅಂಟು ಸರಿಯಾಗಿ ನಡುವಿನಲ್ಲೇ ಬಿಟ್ಟುಕೊಳ್ಳುತ್ತದೆ. ಗೋಡೆಯ ಮೇಲೆ, ಅಚ್ಚಿಗೆ ಹತ್ತಿರದಲ್ಲಿ, ನೇರ ಲಂಬವಾಗಿ ಬಣ್ಣ ಬಿರಿದಿದ್ದರೆ ಕಾರಣವನ್ನು ಮರದಲ್ಲಿ ಹುಡುಕಬೇಡಿ, ಕೆಳಗೆ ಬಗ್ಗಿ ಕೀಲು ನೋಡಿ. ಪರಿಹಾರ ಕಷ್ಟದ್ದಲ್ಲ. ಮಡಚುವ ಆಸೆ ಬಿಟ್ಟು, ಚಾಸಿಯ ಎರಡೂ ಬದಿಗೆ ಒಳಗಿನಿಂದ ಇಡೀ ಎಂಟಡಿ ಉದ್ದದ ಒಂದೊಂದು ಉಕ್ಕಿನ ಮೂಲೆಪಟ್ಟಿ ಕೊಡಿ, ಕೀಲಿನ ಆಚೆಗೆ ಕನಿಷ್ಠ ಮೂರು, ಈಚೆಗೆ ಮೂರು ಬೋಲ್ಟು. ಅದರ ಮೇಲೆ ಹಾಸಾಗಿ 18 ಮಿ.ಮೀ. ದಪ್ಪದ, ಕತ್ತರಿಸದ ಒಂದೇ ಅಖಂಡ ಪ್ಲೈವುಡ್ ಹಾಳೆ. ಎರಡು ತುಂಡಿನ ಹಾಸು ಹಾಕಿದರೆ ಮೂಲೆಪಟ್ಟಿಯ ಅರ್ಧ ಪ್ರಯೋಜನ ಹೋಯಿತು. ಮಡಚದ ಕಿಟ್ ಸಿಕ್ಕುವಂತಿದ್ದರೆ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ.

ಚಕ್ರದ ವಿಷಯದಲ್ಲಿ ರಾಜಿ ಬೇಡ, 12 ಇಂಚೇ ಆಗಲಿ. 8 ಇಂಚಿನ ಚಕ್ರಕ್ಕೆ ಟಯರು ಸೇರಿ ವ್ಯಾಸ ಸುಮಾರು 41 ಸೆಂ.ಮೀ., 12 ಇಂಚಿನದಕ್ಕೆ ಸುಮಾರು 53. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಿಕ್ಕದು ನಿಮಿಷಕ್ಕೆ ಸಾವಿರಕ್ಕೂ ಮೇಲೆ ಸುತ್ತು ತಿರುಗಿದರೆ ದೊಡ್ಡದು 800 ಸುತ್ತಿನ ಆಸುಪಾಸು. ಬೇರಿಂಗ್ ಬಿಸಿಯಾಗುವುದರಲ್ಲಿ ಇದರ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಶಿಬಿರಗಳು ನಡೆಯುವುದು ಹೊಲ, ಹುಲ್ಲುಗಾವಲುಗಳಲ್ಲಿ. ಮಳೆ ಬಿದ್ದ ಮೇಲೆ ಚಿಕ್ಕ ಚಕ್ರ ಗಾಡಿಜಾಡಿನಲ್ಲಿ ಅಚ್ಚಿನವರೆಗೆ ಹೂತು ಕೂರುತ್ತದೆ. ಟ್ರೈಲರ್ ಟಯರಿಗೆ ಗಾಳಿ ಕಾರಿಗಿಂತ ಬಹಳ ಹೆಚ್ಚು ಬೇಕು. ಟಯರಿನ ಗೋಡೆಯ ಮೇಲೆ ಬರೆದಿರುವ ಗರಿಷ್ಠ ಹೊರೆಯು ಅಲ್ಲೇ ಬರೆದಿರುವ ಒತ್ತಡಕ್ಕೆ ಮಾತ್ರ ಅನ್ವಯ. ಮೆತ್ತಗಿರಲಿ ಎಂದು ಗಾಳಿ ಇಳಿಸಿದರೆ ಟಯರಿನ ಬದಿ ಬಿಸಿಯಾಗಿ ಸೀಳುತ್ತದೆ.

ತೂಕದ ಲೆಕ್ಕವನ್ನು ಗರಗಸ ಹಿಡಿಯುವ ಮೊದಲೇ ಕಾಗದದ ಮೇಲೆ ಮುಗಿಸಿ. ಕಿಟ್ ಸುಮಾರು 125 ಕೆ.ಜಿ. ಎಂದಿಟ್ಟುಕೊಳ್ಳಿ. 18 ಮಿ.ಮೀ. ಹಾಸು 30. 6 ಮಿ.ಮೀ. ಪ್ಲೈನ ತಗ್ಗು ಗೋಡೆಗಳು 11, 12 ಮಿ.ಮೀ. ಪ್ಲೈನ ಜಗಲಿ ಇನ್ನೊಂದು 11, ಮುಂದಿನ ಹಿಂದಿನ ಕಮಾನು ಹಲಗೆಗಳು ಚೌಕಟ್ಟು ಸೇರಿ 21. ಕಂಬ, ರೀಪರು, ಆನಿಕೆ ಒಟ್ಟು 29. ಐದು ಕಮಾನು 10, ಅವನ್ನು ಕೂಡಿಸುವ ಉದ್ದದ ಪಟ್ಟಿಗಳು 5. ಕ್ಯಾನ್ವಾಸು ಹಗ್ಗ ಸೇರಿ 6, ಆದರೆ ನೆನೆದರೆ ಅದರ ಎರಡರಷ್ಟು. ಮಂಚ ಹಾಸಿಗೆ 18, ಬಾಗಿಲು 8, ಊರುಗಾಲು (ಗಾಡಿ ನಿಂತಾಗ ಮೂಲೆಗೆ ಆಸರೆಯಾಗುವ ಕಾಲು) ನಾಲ್ಕಕ್ಕೆ 12, ಮೊಳೆ-ತಿರುಪು-ಬಣ್ಣ 10. ಕೂಡಿದರೆ 300 ಕೆ.ಜಿ.ಗೆ ನಾಲ್ಕು ಕಡಿಮೆ. ಕಬ್ಬಿಣದ ಅಡಿಗೆ ಪಾತ್ರೆ, ಕವಚ, ಪೆಟ್ಟಿಗೆ, ನೀರು ಎಲ್ಲ ಸೇರಿ 130 ಹಿಡಿದರೆ ಸುಮಾರು 430 ಕೆ.ಜಿ.

ಇಲ್ಲಿ ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ‘ಸಾಮರ್ಥ್ಯ’ ಕೆಲವು ಕಡೆ ಹೇರಬಹುದಾದ ಸರಕಿನ ತೂಕ, ಕೆಲವು ಕಡೆ ಟ್ರೈಲರೂ ಸೇರಿದ ಒಟ್ಟು ತೂಕ. ನಂಬಬೇಕಾದದ್ದು ಚಾಸಿಗೆ ಬಡಿದ ತಗಡಿನ ಫಲಕವನ್ನು. ಆ ಫಲಕದ ಮೇಲೆ ಬಣ್ಣ ಬಳಿಯಬಾರದು, ಗೋಡೆಯಿಂದ ಮುಚ್ಚಲೂಬಾರದು. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಅದನ್ನು. ಕಿಟ್ಟಿಗೆ ಬ್ರೇಕ್ ಇರುವುದಿಲ್ಲ. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೈಲರಿಗೆ ಒಟ್ಟು 750 ಕೆ.ಜಿ. ಮೇಲ್ಮಿತಿ, ಎಳೆಯುವ ವಾಹನದ ಸ್ವಂತ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಮಾನ್ಯ.

ಜೋಡಣೆಗೆ ಇಬ್ಬರಿದ್ದರೆ ಒಂದು ಹಗಲು ಸಾಕು. ಕಿಟ್ಟಿನ ಜತೆ ಬರುವ ಕೈಪಿಡಿ ಸಾಲುಸಾಲಾಗಿ ಬೋಲ್ಟು ಬಿಗಿಯಲು ಹೇಳುತ್ತದೆ, ಅದನ್ನು ಕೇಳಬೇಡಿ. ಎಲ್ಲ ಬೋಲ್ಟುಗಳನ್ನೂ ಬೆರಳಲ್ಲಿ ತಿರುಗುವಷ್ಟು ಸಡಿಲವಾಗಿ ಹಾಕಿ, ಸಮತಟ್ಟು ನೆಲದಲ್ಲಿ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಒಳಗೆ ಬಂದ ಮೇಲೆ ಬಿಗಿಯಿರಿ. ಅಷ್ಟಕ್ಕೇ ನಿಲ್ಲಬೇಡಿ. ಕಪ್ಲರಿನ ನಡುಬಿಂದುವಿನಿಂದ ಅಚ್ಚಿನ ಎಡತುದಿಗೂ ಬಲತುದಿಗೂ ಟೇಪು ಎಳೆದು ನೋಡಿ, ಅಲ್ಲೂ ಅದೇ 3 ಮಿ.ಮೀ. ಇಲ್ಲಿ ತಪ್ಪಿದರೆ ಗಾಡಿ ರಸ್ತೆಯಲ್ಲಿ ಓರೆಯಾಗಿ ಓಡುತ್ತದೆ, ಒಂದು ಬದಿಯ ಟಯರು ಬೇಗ ಸವೆಯುತ್ತದೆ. ಕಿಟ್ಟಿನ ಬೋಲ್ಟು ತಲೆಗಳನ್ನು ಒಂದೊಂದಾಗಿ ನೋಡಿ: ಇಂಚಿನ ಅಳತೆಯವಕ್ಕೆ ಮೂರು ಗೆರೆ, ಮಿ.ಮೀ. ಅಳತೆಯವಕ್ಕೆ 8.8 ಎಂಬ ಗುರುತು ಇರಬೇಕು. ಗುರುತೇ ಇಲ್ಲದ ಬೋಲ್ಟನ್ನು ಅಚ್ಚು, ಸ್ಪ್ರಿಂಗ್, ಮೂಕಿಗೆ ಹಾಕಬಾರದು, ಒಳ್ಳೆಯದನ್ನು ಬೇರೆ ತನ್ನಿ. ನೈಲಾನ್ ಬಳೆಯಿರುವ ನಟ್ಟು ಒಮ್ಮೆ ಬಿಚ್ಚಿದರೆ ಅದರ ಹಿಡಿತ ಹೋಯಿತು, ಹೊಸದೇ ಬೇಕು.

ಗುಂಬದ, ಅಂದರೆ ಚಕ್ರದ ನಡುಭಾಗದ, ಮುಚ್ಚಳ ತೆಗೆದು ಬೇರಿಂಗ್ ನೋಡದೆ ರಸ್ತೆಗಿಳಿಯಬಾರದು. ಕೆಲವು ಕಿಟ್ಟುಗಳಲ್ಲಿ ಗ್ರೀಸು ತುಂಬಿರುತ್ತದೆ, ಕೆಲವುಗಳಲ್ಲಿ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆ ಮಾತ್ರ. ಎಣ್ಣೆಯನ್ನೇ ಗ್ರೀಸೆಂದು ನಂಬಿ ಹೊರಟವರ ಬೇರಿಂಗು ಮೊದಲ ಪಯಣದಲ್ಲೇ ಸುಡುತ್ತದೆ. ಬೇರಿಂಗಿನ ಉರುಳೆಗಳ ನಡುವಿನಿಂದ ಆಚೆ ಹೊರಬರುವಷ್ಟು ಗ್ರೀಸು ಒತ್ತಿ, ಗುಂಬ ತಿರುಗಿಸುತ್ತಾ ನಟ್ಟು ಬಿಗಿದು, ಸಡಿಲಿಸಿ, ಮತ್ತೆ ಬರಿಗೈಲಿ ತಿರುಗಿದಷ್ಟು ಮಾತ್ರ ಬಿಗಿದು, ಸೀಳುಪಿನ್ ಹಾಕಿ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಈ ಪಿನ್ ಹಾಗೆ. 15–20 ಕಿ.ಮೀ. ಹೋಗಿ ನಿಲ್ಲಿಸಿ ಗುಂಬ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ನಟ್ಟು ಅತಿಯಾಗಿ ಬಿಗಿದಿದೆ ಇಲ್ಲವೆ ಗ್ರೀಸಿಲ್ಲ.

ಕಪ್ಲರಿನ ಅಳತೆ ಚಿಕ್ಕ ವಿಷಯವೆಂದು ಬಿಡುವಂಥದ್ದಲ್ಲ. ಅಮೆರಿಕದ ಕಿಟ್ಟುಗಳಲ್ಲಿ 1⅞ ಇಂಚು, 2 ಇಂಚು ಎಂಬ ಎರಡು ಅಳತೆ ಓಡುತ್ತವೆ, ಯುರೋಪಿನಲ್ಲಿ 50 ಮಿ.ಮೀ. 2 ಇಂಚಿನ ಕಪ್ಲರು 1⅞ರ ಗುಂಡಿನ ಮೇಲೆ ಕೂರುತ್ತದೆ, ಚಿಲಕವೂ ಬೀಳುತ್ತದೆ, ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಮೊದಲ ಉಬ್ಬಿನಲ್ಲಿ ಕಳಚಿಕೊಳ್ಳುತ್ತದೆ. ಚಿಲಕ ಹಾಕಿದ ಮೇಲೆ ಮೂಕಿಯ ಜ್ಯಾಕಿನಿಂದ ಎತ್ತಿ ನೋಡಿ, ವಾಹನದ ಹಿಂಭಾಗವೂ ಜತೆಯಲ್ಲೇ ಏಳಬೇಕು. ಸುರಕ್ಷಾ ಸರಪಳಿ ಎರಡನ್ನೂ ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವಂತೆ ಹಾಕಿದರೆ ಕಪ್ಲರು ಕಳಚಿದರೂ ಮೂಕಿ ಆ ತೊಟ್ಟಿಲಲ್ಲಿ ಕೂರುತ್ತದೆ, ರಸ್ತೆಗೆ ಚುಚ್ಚುವುದಿಲ್ಲ. ಮೂಕಿಯ ಜ್ಯಾಕು ಕಿಟ್ಟಿನಲ್ಲಿ ಬರುವುದಿಲ್ಲ, ಚಕ್ರವಿರುವ ಒಂದನ್ನು ಬೇರೆ ಕೊಳ್ಳಲೇಬೇಕು.

ಮೂಕಿಯ ಮೇಲೆ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಇಳಿಯಬೇಕು. 430 ಕೆ.ಜಿ. ಗಾಡಿಗೆ ಅದು 43ರಿಂದ 65 ಕೆ.ಜಿ. ನಿಮ್ಮ ವಾಹನದ ಕೊಂಡಿಯ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಸಾಮಾನನ್ನೇ ಇಳಿಸಬೇಕು. ಮೂಕಿ ಹಗುರಾದರೆ ಗಾಡಿ ಬಾಲದಂತೆ ಬೀಸಾಡತೊಡಗುತ್ತದೆ, ವೇಗ ಏರಿದಷ್ಟೂ ಹೆಚ್ಚು. ತೂಗಲು ಸ್ನಾನದ ಮನೆಯ ತಕ್ಕಡಿ ಸಾಕು: ಗಾಡಿ ಪೂರ್ತಿ ಹೇರಿ, ಸಮತಟ್ಟಾಗಿ ನಿಲ್ಲಿಸಿ, ಕಪ್ಲರಿನ ಕೆಳಗೆ ಅದರ ಮಾಮೂಲಿ ಎತ್ತರಕ್ಕೆ ಮರದ ತುಂಡು ಕೊಟ್ಟು ತಕ್ಕಡಿಯ ಮೇಲೆ ಇಳಿಸಿ. ಕಡಿಮೆ ಬಂದರೆ ಲೆಕ್ಕ ಸುಲಭ. ಕಪ್ಲರಿನಿಂದ ಅಚ್ಚಿಗೆ 2.6 ಮೀಟರ್ ಇದೆಯೆನ್ನಿ. ಅಚ್ಚಿನ ಹಿಂದೆ ಒಂದು ಮೀಟರಿನಲ್ಲಿದ್ದ 20 ಕೆ.ಜಿ. ಪಾತ್ರೆಯ ಪೆಟ್ಟಿಗೆಯನ್ನು ಅಚ್ಚಿನ ಮುಂದೆ ಅರ್ಧ ಮೀಟರಿಗೆ ತಂದರೆ, ಸರಿದ ದೂರ 1.5 ಮೀಟರ್, 20 ಗುಣಿಸು 1.5 ಭಾಗಿಸು 2.6, ಅಂದರೆ ಮೂಕಿಗೆ ಸುಮಾರು 11.5 ಕೆ.ಜಿ. ಕೂಡಿತು. ಮಂಚದ ಕೆಳಗಿನ ಗೂಡು ಖಾಲಿ ಇದೆಯೆಂದು ಅಲ್ಲಿ ಕಬ್ಬಿಣ ತುಂಬುವುದೇ ಎಲ್ಲರೂ ಮಾಡುವ ತಪ್ಪು. ಅಲ್ಲಿಗೆ ಕಂಬಳಿ, ಬಟ್ಟೆ ಹೋಗಲಿ.

ಬಾಗಿಲನ್ನು ಮುಂದಿಡುವುದಕ್ಕೆ ಕುರಿಗಾಹಿ ಗಾಡಿಯ ಮಾದರಿಯೊಂದೇ ಕಾರಣವಲ್ಲ. ಒಂದೇ ಅಚ್ಚಿನ ಗಾಡಿಯನ್ನು ವಾಹನದಿಂದ ಬಿಡಿಸಿ ನಿಲ್ಲಿಸಿ, ಹಿಂದಿನಿಂದ ಒಬ್ಬರು ಹತ್ತಿದರೆ ಮೂಕಿ ಆಕಾಶಕ್ಕೆ ಹಾರುತ್ತದೆ. ಮುಂದಿನಿಂದ ಹತ್ತುವವರ ಭಾರ ಮೂಕಿಯ ಜ್ಯಾಕಿಗೆ ಇಳಿಯುತ್ತದೆ. ಮೆಟ್ಟಿಲನ್ನು ಮೂಕಿಯ ಮೇಲೆಯೇ ಕೂರಿಸಿದರೆ ಕಪ್ಲರು, ತಂತಿ, ಸರಪಳಿ ಎಲ್ಲ ಅದರಡಿಯಲ್ಲಿ ಮರೆಯಾಗುತ್ತವೆ. ಹಾಗಿದ್ದರೂ ಮಲಗುವುದು ಅಚ್ಚಿನ ಹಿಂದೆ, ಆದ್ದರಿಂದ ಹಿಂದಿನ ಎರಡು ಮೂಲೆಗೆ ಊರುಗಾಲು ಕಡ್ಡಾಯ. ಕಾಲಿನ ಕೆಳಗೆ ಅಗಲದ ಹಲಗೆಯಿಡದಿದ್ದರೆ ನೆನೆದ ನೆಲದಲ್ಲಿ ಬೆಳಗಿನ ಹೊತ್ತಿಗೆ ತಲೆ ಒಂದು ಕಡೆ, ಕಾಲು ಒಂದು ಕಡೆ ಇಳಿದಿರುತ್ತದೆ.

ಗಟ್ಟಿ ಛಾವಣಿಗಿಂತ ಕಮಾನು-ಕ್ಯಾನ್ವಾಸನ್ನೇ ಆರಿಸಿ ಎಂದು ಒತ್ತಿ ಹೇಳಲು ಕಾರಣ ಗಾಳಿ. ಹಾಸಿನಿಂದ ನಡುನೆತ್ತಿಗೆ 1.80 ಮೀಟರ್ ಇಟ್ಟರೆ ನೆಲದಿಂದ ಗಾಡಿ 2.30 ಮೀಟರ್. ಇಷ್ಟು ಎತ್ತರದ, ಇಷ್ಟು ಹಗುರದ ಪೆಟ್ಟಿಗೆಗೆ ಅಡ್ಡಗಾಳಿ ಹೊಡೆದರೆ ನಾಲ್ಕಡಿ ಚಾಸಿ ತಡೆಯಲಾರದು. ಕಮಾನುಗಳು ಜಗಲಿಯ ಅಂಚಿನ ಕೊಳವೆಗಳಲ್ಲಿ ಕೂತು ಎತ್ತಿದರೆ ಬರುವಂತಿರಲಿ. ಪಯಣದಲ್ಲಿ ಅವು, ಹಲಗೆಗಳು, ಕ್ಯಾನ್ವಾಸು ಎಲ್ಲ ಜಗಲಿಯ ಮಟ್ಟದಲ್ಲಿ ಮಲಗಿ, ಮೇಲೊಂದು ತಾಡಪಾಲು ಬಿಗಿದುಕೊಂಡರೆ ಗಾಡಿಯ ಎತ್ತರ ಒಂದು ಮೀಟರಿನಷ್ಟೇ. ಕ್ಯಾನ್ವಾಸು ಏರಿಸಿಕೊಂಡೇ ಹೆದ್ದಾರಿಯಲ್ಲಿ ಓಡಿಸಿದರೆ ಅದು ಪಟಪಟ ಬಡಿದು ಕಮಾನಿನ ನೇರಕ್ಕೆ ಹರಿಯುತ್ತದೆ.

ಕಮಾನಿಗೆ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವ ಸಾಹಸ ಬೇಕಿಲ್ಲ. 6 ಮಿ.ಮೀ. ದಪ್ಪ, 45 ಮಿ.ಮೀ. ಅಗಲದ ಆಷ್ ಮರದ ಮೂರು ಪಟ್ಟಿಗಳನ್ನು ಅಂಟು ಹಚ್ಚಿ ಒಂದರ ಮೇಲೊಂದಿಟ್ಟು ಅಚ್ಚುಹಲಗೆಯ ಸುತ್ತ ಬಗ್ಗಿಸಿದರೆ ಸಾಕು. 1.92 ಮೀಟರ್ ಅಗಲ, 1.35 ಮೀಟರ್ ಏರಿನ ಕಮಾನಿಗೆ ಒಂದೊಂದು ಪಟ್ಟಿ 3.7 ಮೀಟರ್ ಉದ್ದ ಬೇಕು. ಅಷ್ಟುದ್ದದ ಮರ ಸಿಗದಿದ್ದರೆ ತುಂಡುಗಳನ್ನು ಕೂಡಿಸಬಹುದು, ಮೂರು ಪದರದ ಕೂಡುಗಳು ಒಂದೇ ಜಾಗಕ್ಕೆ ಬರದಂತೆ ನೋಡಿಕೊಳ್ಳಿ. ಹಿಡಿಕ್ಲಾಂಪುಗಳನ್ನು ಗೇಣಿಗೊಂದರಂತೆ ಹಾಕಿ ಒಂದು ದಿನ ಪೂರ್ತಿ ಬಿಡಿ. ಅಚ್ಚುಹಲಗೆಯಿಂದ ತೆಗೆದಾಗ ಕಮಾನಿನ ಕಾಲುಗಳು ತುಸು ಅಗಲಕ್ಕೆ ಚಿಮ್ಮುತ್ತವೆ, ಅದು ದೋಷವಲ್ಲ. ಅಚ್ಚುಹಲಗೆಯನ್ನೇ ಮೊದಲು ಸ್ವಲ್ಪ ಕಿರಿದಾಗಿ ಕೊಯ್ದುಕೊಂಡಿರಬೇಕು. ಐದು ಕಮಾನನ್ನು 60 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ. ಅಂತರ ಹೆಚ್ಚಾದರೆ ನಡುವೆ ಬಟ್ಟೆ ಜೋತು ನೀರು ಮಡುಗಟ್ಟುತ್ತದೆ.

ಕ್ಯಾನ್ವಾಸು ಹತ್ತಿಯದ್ದು, ಚದರ ಮೀಟರಿಗೆ 400 ಗ್ರಾಂ ತೂಗುವಂಥದ್ದು, ನೀರು ಮತ್ತು ಬೂಷ್ಟು ತಡೆಯುವ ಹದ ಕೊಟ್ಟದ್ದು. ಬೆಂಕಿ ತಡೆಯುವ ಹದವನ್ನೂ ಕೊಟ್ಟದ್ದು ಸಿಕ್ಕರೆ ಅದೇ. ಹದ ಕೊಡದ ಬಟ್ಟೆಯಾದರೆ ಕತ್ತರಿಸುವ ಮೊದಲು ನೆನೆಸಿ ಒಣಗಿಸಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಹೊಲಿಗೆಗೆ ಪಾಲಿಯೆಸ್ಟರ್ ತಿರುಳಿನ ಹತ್ತಿ ನೂಲು. ಹೊಲಿದ ಹೊಸತರಲ್ಲಿ ಸೂಜಿತೂತುಗಳಲ್ಲಿ ನೀರು ಹನಿಯುತ್ತದೆ. ಎರಡು ಮೂರು ಸಲ ಪೂರ್ತಿ ತೋಯಿಸಿ ಒಣಗಿಸಿದರೆ ನೂಲು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಅಂಚಿನ ಬಟ್ಟೆ ಜಗಲಿಯ ಹೊರಗೆ, ಕೆಳಗೆ, ಒಂದು ಗೇಣಾದರೂ ಇಳಿಬಿದ್ದಿರಬೇಕು. ಜಗಲಿಯ ಒಳಕ್ಕೆ ಮಡಚಿ ಕಟ್ಟಿದರೆ ಮಳೆನೀರೆಲ್ಲ ಬಟ್ಟೆ ಹಿಡಿದುಕೊಂಡು ಹಾಸಿಗೆಗೇ ಇಳಿಯುತ್ತದೆ.

ವಿದ್ಯುತ್ತಿನದ್ದು ಕಿಟ್ಟಿನ ಅತಿ ಕೀಳು ಭಾಗ. ಅಮೆರಿಕದ ಚಪ್ಪಟೆ ನಾಲ್ಕು ಪಿನ್ನಿನ ಜೋಡಣೆಯಲ್ಲಿ ಬಿಳಿ ತಂತಿ ಅರ್ತಿಂಗ್, ಕಂದು ಹಿಂದೀಪ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಕಿಟ್ಟಿನವರು ಬಿಳಿ ತಂತಿಯನ್ನು ಮೂಕಿಯ ಹತ್ತಿರ ಒಂದು ತಿರುಪಿಗೆ ಸಿಕ್ಕಿಸಿ, ಮುಂದಿನದ್ದನ್ನು ಚಾಸಿಯ ಉಕ್ಕಿಗೇ ಬಿಟ್ಟಿರುತ್ತಾರೆ. ಆದರೆ ಚಾಸಿಯ ಪ್ರತಿ ಕೂಡಿನ ನಡುವೆ ಬಣ್ಣವಿದೆ, ನಡುವಿನಲ್ಲಿ ಆ ಕೀಲೂ ಇದೆ. ಎಡಕ್ಕೆ ಸಿಗ್ನಲ್ ಕೊಟ್ಟಾಗ ಎರಡೂ ದೀಪ ಮಂಕಾಗಿ ಮಿಣುಕಿದರೆ, ಅಥವಾ ಬ್ರೇಕ್ ಒತ್ತಿದಾಗ ಬೇರಾವುದೋ ದೀಪ ಹೊತ್ತಿದರೆ, ಬಲ್ಬ್ ಬದಲಿಸುತ್ತಾ ಕೂರಬೇಡಿ, ಅರ್ತಿಂಗ್ ತಪ್ಪಿದೆ. ಬಿಳಿ ತಂತಿಯನ್ನೇ ಎರಡು ಕವಲಾಗಿಸಿ ಪ್ರತಿ ದೀಪದವರೆಗೂ ಎಳೆದರೆ ಈ ಕಾಟ ಶಾಶ್ವತವಾಗಿ ತೀರುತ್ತದೆ. ಇನ್ನೊಂದು ತೊಡಕು: ಜಗಲಿ ಹೊರಚಾಚಿದ ಮೇಲೆ ಕಿಟ್ಟಿನ ದೀಪಗಳು ಗಾಡಿಯ ನಿಜವಾದ ಅಗಲ ತೋರಿಸುವುದಿಲ್ಲ. ದೀಪ, ಪ್ರತಿಫಲಕ, ನಂಬರು ಫಲಕ ಮೂರನ್ನೂ ಗಾಡಿಯಷ್ಟೇ ಅಗಲದ ಒಂದು ಹಲಗೆಗೆ ಕೂಡಿಸಿ, ಹಿಂದೆ ತಗುಲಿಹಾಕುವಂತೆ ಮಾಡುವುದು ಉತ್ತಮ. ಶಿಬಿರ ತಲುಪಿದೊಡನೆ ಹಲಗೆಯನ್ನು ಕಳಚಿ ಮಂಚದಡಿ ತಳ್ಳಿದರೆ ಹಿಂಬದಿಯಲ್ಲಿ ಹೊಸಕಾಲದ್ದೆನ್ನುವುದು ಒಂದೂ ಉಳಿಯುವುದಿಲ್ಲ.

ಕಣ್ಣಿಗೆ ಕಾಣುವ ಭಾಗದಲ್ಲಿ ಮೋಸ ಬಯಲಾಗುವುದು ಸಣ್ಣ ಸಣ್ಣ ಕಡೆ. ಪ್ಲೈವುಡ್ಡಿನ ಪದರ ಕಾಣುವ ಅಂಚು ಮೊದಲನೆಯದು, 10 ಮಿ.ಮೀ. ಗಟ್ಟಿಮರದ ಪಟ್ಟಿಯಿಂದ ಅದನ್ನು ಮುಚ್ಚಿ. ಕೂಡುಗುರುತಿನ ತಲೆಯ ಫಿಲಿಪ್ಸ್ ತಿರುಪುಗಳಿಗೆ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. ಕಾಣುವಲ್ಲೆಲ್ಲ ಮರದ ಬಿರಟೆ ಹೊಡೆಯಿರಿ ಅಥವಾ ಒಂದೇ ಸೀಳಿನ ತಿರುಪು ಹಾಕಿ. ರಬ್ಬರ್ ಚಕ್ರ ಮುಚ್ಚಲು ಜಗಲಿಯಿಂದ ಇಳಿಬಿಟ್ಟ ಕ್ಯಾನ್ವಾಸ್ ಪರದೆ ಸಾಕು. ಮನಸ್ಸಿದ್ದವರು 90 ಸೆಂ.ಮೀ. ವ್ಯಾಸದ, ಹನ್ನೆರಡು ಅರೆಗಳ ಸುಳ್ಳು ಚಕ್ರವನ್ನು ತೆಳುಮರದಲ್ಲಿ ಮಾಡಿ ಜಗಲಿಗೆ ತೂಗುಹಾಕುತ್ತಾರೆ, ದೂರದಿಂದ ಅದು ಬಹಳ ಚೆಂದ ಕಾಣುತ್ತದೆ. ಬಣ್ಣಕ್ಕೆ ಅಗಸೆ ಎಣ್ಣೆಯ ಬಣ್ಣ ಒಪ್ಪುತ್ತದೆ, ಕಾಲಕ್ಕೂ ಸಲ್ಲುತ್ತದೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಒಂದೊಂದನ್ನೂ ಬಿಡಿಸಿ ಹೊರಗೆ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ. ಗೆದ್ದಲು-ಕೊಳೆತ ತಡೆಯಲು ತಾಮ್ರದ ಔಷಧಿ ಹಾಕಿದ ಮರ ಬಳಸಿದಲ್ಲಿ ಅದಕ್ಕೂ ಚಾಸಿಗೂ ನಡುವೆ ರಬ್ಬರಿನ ಹಾಳೆ ಬೇಕು. ಒದ್ದೆಯಲ್ಲಿ ಆ ತಾಮ್ರ ಉಕ್ಕನ್ನು ತಿನ್ನುತ್ತದೆ.

ಕುರಿಗಾಹಿ ಗಾಡಿಯಲ್ಲಿ ಒಲೆ ಇತ್ತು ನಿಜ, ಹೊಗೆಕೊಳವೆಯೂ ಇತ್ತು. ಆದರೆ ಇಷ್ಟು ಚಿಕ್ಕ ಗಾಡಿಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದರೆ ಇಂಗಾಲದ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಕೊಲ್ಲುತ್ತದೆ. ಒಳಗೆ ಬೆಂಕಿ ಬೇಡವೇ ಬೇಡ, ಮೇಣದ ಬತ್ತಿಯೂ ಬೇಡ. ಕೊಂಬಿನ ಹಾಳೆಯ ಲಾಂದ್ರದೊಳಗೆ ಬ್ಯಾಟರಿ ದೀಪ ಇಟ್ಟರೆ ಬೆಳಕು ಹಳೆಯದರಂತೆಯೇ ಹಳದಿಯಾಗಿ ಕಾಣುತ್ತದೆ. ಮುಂದಿನ ಹಿಂದಿನ ಹಲಗೆಗಳ ನೆತ್ತಿಯಲ್ಲಿ ಒಂದೊಂದು ಅಂಗೈ ಅಗಲದ ಕಿಂಡಿ ತೆರೆದೇ ಇರಲಿ, ಇಲ್ಲದಿದ್ದರೆ ಇಬ್ಬರ ಉಸಿರಿನ ತೇವ ಬೆಳಗಿನ ಹೊತ್ತಿಗೆ ಕಮಾನಿನಿಂದ ಹನಿಯಾಗಿ ಉದುರುತ್ತದೆ.

ಶಿಬಿರಕ್ಕೆ ಹೊರಡುವ ಮೊದಲು ಮನೆಯಂಗಳದಲ್ಲೇ ಎಲ್ಲ ಏರಿಸಿ, ಕೊಳಾಯಿ ಪೈಪಿನಿಂದ ಅರ್ಧ ಗಂಟೆ ನೀರು ಹೊಡೆದು, ಒಳಗೆ ಒಣ ಕಾಗದ ಹಾಸಿ ಎಲ್ಲಿ ಸೋರುತ್ತದೆ ನೋಡಿ. ಚಕ್ರದ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು ಹೊರಟು, 80 ಕಿ.ಮೀ. ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಸ್ಪ್ರಿಂಗಿನ ಯು-ಬೋಲ್ಟುಗಳು ಕೂಡ ಹೊಸತರಲ್ಲಿ ಸಡಿಲಾಗುತ್ತವೆ, ಅವನ್ನೂ ಆಗಲೇ ನೋಡಿಕೊಳ್ಳಿ. ಹಿಂತಿರುಗುವಾಗ ಮಳೆಯಿದ್ದರೆ ಕ್ಯಾನ್ವಾಸನ್ನು ಒದ್ದೆಯಾಗಿಯೇ ಮಡಚಿ ತರಬೇಕಾಗುತ್ತದೆ. ಮನೆಗೆ ಬಂದ ದಿನವೇ ಬಿಚ್ಚಿ ಹರಡಿ; ಎರಡು ದಿನ ಬಿಟ್ಟರೆ ಕಪ್ಪು ಬೂಷ್ಟಿನ ಚುಕ್ಕೆ ಏಳುತ್ತವೆ, ಅವು ಯಾವ ಸೋಪಿಗೂ ಪೂರ್ತಿ ಹೋಗುವುದಿಲ್ಲ.